ಎರಡು ಮಳೆ ಕಂಡ ಕೆಂಪುಕಲ್ಲು

ಅಡಿಕೆ ತೂಗುವ ತಕ್ಕಡಿಯ ಮೇಲೆ ಕಲ್ಲು ಇಟ್ಟುಕೊಂಡು ಕೂತಿದ್ದ ನನ್ನನ್ನು ಕಂಡು ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದಲೇ ಕೇಳಿದ್ದರು, "ಎಂತ ಮಾರಾಯ್ತಿ, ಈ ವರ್ಷ ಕಲ್ಲಿಗೂ ರೇಟು ಬಂತಾ?"

ಬಂದದ್ದು ಹೌದು. ಇಳಿಸುವ ಕೂಲಿಯೂ ಸೇರಿ ಒಂದೊಂದಕ್ಕೆ 41 ರೂಪಾಯಿ ಕೊಟ್ಟು 250 ಕೆಂಪುಕಲ್ಲು ತರಿಸಿದ್ದೆ. 2023ರ ದೀಪಾವಳಿ ಕಳೆದ ಮೇಲಿನ ಮಾತು ಇದು. ಅಜ್ಜ 1937ರಲ್ಲಿ ಕಟ್ಟಿಸಿದ ಮನೆಯ ಪಡುವಣ ಗೋಡೆ ಬುಡದಲ್ಲಿ ಕರಗುತ್ತಿತ್ತು. ಕರಗುವುದು ಅಂತ ಸುಮ್ಮನೆ ಹೇಳುತ್ತಿಲ್ಲ, ಬೆರಳು ಆಡಿಸಿದರೆ ಕುಂಕುಮದ ಹಾಗೆ ಉದುರುತ್ತಿತ್ತು. ಆ ಕಲ್ಲು ಬದಲಿಸಿ ಎರಡು ಮಳೆಗಾಲ ದಾಟಿತು. ಹಳೆ ಮನೆ ರಿಪೇರಿಗೆ ಕೈ ಹಾಕಿರುವ ನೆಂಟರು, ಪರಿಚಯದವರು ಒಬ್ಬೊಬ್ಬರಾಗಿ ಫೋನು ಮಾಡಿ "ಕಲ್ಲು ಹೇಗುಂಟು?" ಅಂತ ಕೇಳುತ್ತಿದ್ದಾರೆ. ಒಮ್ಮೆಗೇ ಬರೆದುಬಿಡುತ್ತೇನೆ. ನಾನು ಇಂಜಿನಿಯರ್ ಅಲ್ಲ, 31 ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿದವಳು. ತೂಕದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹಠ ಜಾಸ್ತಿ.

ಮೊದಲು ಹೆಸರಿನ ಗೊಂದಲ. ನಮ್ಮ ದಕ್ಷಿಣ ಕನ್ನಡದ ಕಡೆ ಕೆಂಪುಕಲ್ಲು, ಮುರಕಲ್ಲು. ಉತ್ತರ ಕನ್ನಡಕ್ಕೆ ಹೋದರೆ ಚಿರೆಕಲ್ಲು. ಶಾಲೆಯ ಪುಸ್ತಕದಲ್ಲಿ ಜಂಬಿಟ್ಟಿಗೆ, ಇಂಗ್ಲಿಷಿನವರಿಗೆ ಲ್ಯಾಟರೈಟ್. ಈ ಕೊನೆಯ ಹೆಸರು ಇಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದವನು, ಮಲಬಾರಿನ ಅಂಗಾಡಿಪುರಂ ಹತ್ತಿರ ಜನ ನೆಲದಿಂದ ಮೆತ್ತಗಿನ ಕಲ್ಲನ್ನು ಕಡಿದು ತೆಗೆದು ಮನೆ ಕಟ್ಟುವುದನ್ನು ನೋಡಿದ. 1807ರಲ್ಲಿ ಪುಸ್ತಕ ಅಚ್ಚಾದಾಗ ಲ್ಯಾಟಿನಿನ 'ಲೇಟರ್', ಅಂದರೆ ಇಟ್ಟಿಗೆ, ಎಂಬ ಪದದಿಂದ ಅದಕ್ಕೆ ಹೆಸರು ಕಟ್ಟಿದ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಕೂತಿದೆ ನೋಡಿ. ಕಲ್ಲು ಅನ್ನುವುದಕ್ಕೂ ಇಟ್ಟಿಗೆ ಅನ್ನುವುದಕ್ಕೂ ನಡುವೆ ಇರುವ ವಸ್ತು ಇದು, ಎರಡೂ ಭಾಷೆಯವರಿಗೆ ಹಾಗೇ ಕಂಡಿದೆ.

ಒಳಗಿರುವುದು ಕಬ್ಬಿಣ. ಲಕ್ಷಾಂತರ ವರ್ಷ ಬಿಸಿಲು, ಮಳೆ ಒಂದರ ಹಿಂದೆ ಒಂದು ಬಿದ್ದು ಬಂಡೆಯಲ್ಲಿದ್ದ ಸಿಲಿಕಾ ತೊಳೆದುಹೋಗಿ, ತೊಳೆದರೂ ಹೋಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆದ ಕಲ್ಲು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕಡೆ ಜೇನು ಬಣ್ಣದ 'ಐರನ್‌ಸ್ಟೋನ್' ಮನೆಗಳಿವೆಯಲ್ಲ, ಅವಕ್ಕೆ ಬಣ್ಣ ಕೊಟ್ಟದ್ದೂ ಕಬ್ಬಿಣವೇ. ಆದರೆ ಅದು ಹಳೆಯ ಕಡಲ ತಳದಲ್ಲಿ ಕೂತು ಆದ ಕಲ್ಲು, ನಮ್ಮದು ಮಳೆ ತೊಳೆದು ಬಿಟ್ಟದ್ದು. ನೆಲದೊಳಗೆ ಇರುವಾಗ ಇದು ಮೆತ್ತಗೆ. ಹೊರಗೆ ತೆಗೆದು ಗಾಳಿಗೆ ಒಣಗಿದ ಹಾಗೆ ಕಬ್ಬಿಣದ ಅಂಶ ನೀರು ಬಿಟ್ಟು ಗಟ್ಟಿಯಾಗುತ್ತದೆ. ಈ ಒಂದು ಗುಣವನ್ನು ಮರೆತು ಕೊಂಡುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ನನಗೂ ತಪ್ಪಿತು.

ನಾನು ತರಿಸಿದ್ದು ಯಂತ್ರದಲ್ಲಿ ಕೊಯ್ದ ಹೊಸ ಕಲ್ಲು. ಉದ್ದ 15 ಇಂಚು, ಅಗಲ 9, ದಪ್ಪ 7. ಟಿಪ್ಪರ್ ಬಂದು ಅಂಗಳದಲ್ಲಿ ಸುರಿದು ಹೋಯಿತು. ಸುರಿದದ್ದು ಅಂತಲೇ ಬರೆದಿದ್ದೇನೆ, ಇಳಿಸುವ ಕೂಲಿ ಯಾಕೆ ತೆಗೆದುಕೊಂಡರು ಅಂತ ಇವತ್ತಿಗೂ ಅರ್ಥವಾಗಿಲ್ಲ. 17 ಕಲ್ಲು ಅಲ್ಲೇ ಮೂಲೆ ಮುರಿದುಕೊಂಡವು. ಫೋನಿನಲ್ಲಿ ಕೇಳಿದರೆ, "ಕಲ್ಲಲ್ವಾ ಅಮ್ಮ, ಒಂದೆರಡು ಹೋಗ್ತದೆ." ಕೋರೆಯವರ ಹೆಸರು ಬೇಡ, ಈ ವಿಷಯದಲ್ಲಿ ಎಲ್ಲರೂ ಒಂದೇ ಅಂತ ಆಮೇಲೆ ತಿಳಿಯಿತು.

ನೋಡಲಿಕ್ಕೆ ಚೆಂದ ಇತ್ತು. ಆರೂ ಮುಖ ನೇರ, ಗರಗಸದ ಬ್ಲೇಡಿನ ಅರ್ಧ ಚಂದ್ರನಂಥ ಗೀರು, ಹಸಿ ಮಣ್ಣಿನ ಪರಿಮಳ. ಆ ಪರಿಮಳವೇ ಕೇಡು ಅಂತ ನಮ್ಮ ಮೇಸ್ತ್ರಿ ಬಂದು ಹೇಳಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಕಣ್ಣಿಗಿಂತ ಕಿವಿಯನ್ನು ಜಾಸ್ತಿ ನಂಬುವವರು. ಸುತ್ತಿಗೆ ಹಿಡಿದು ರಾಶಿಯ ಸುತ್ತ ಬಂದು ಒಂದೊಂದಕ್ಕೂ ಕುಟ್ಟಿದರು. ಕೆಲವು 'ಠಣ್' ಅಂದವು. ಕೆಲವು 'ದಬ್' ಅಂದವು. ದಬ್ ಅಂದದ್ದನ್ನು ಮಗುಚಿ ತೋರಿಸಿದರು. ಕಲ್ಲಿನ ರಂಧ್ರಗಳಲ್ಲಿ ಹಳದಿ ಮಿಶ್ರಿತ ಬಿಳಿ ಮಣ್ಣು, ಹಲ್ಲಿನ ಸಂದಿಯಲ್ಲಿ ಅವಲಕ್ಕಿ ಸಿಕ್ಕಿಕೊಂಡ ಹಾಗೆ.

"ಶೇಡಿ, ಅಕ್ಕ. ಮೇಲಿನ ಗಟ್ಟಿ ಪದರ ಮುಗಿದ ಮೇಲೂ ಕೊರೆದಿದ್ದಾರೆ. ಇನ್ನೊಂದು ಮೊಳ ಕೆಳಗೆ ಹೋದರೆ ಬರೀ ಶೇಡಿಮಣ್ಣೇ ಸಿಗುದು. ಇದನ್ನು ಗೋಡೆಗೆ ಇಟ್ಟರೆ ಮಳೆಗೆ ಶೇಡಿ ತೊಳೆದುಹೋಗಿ ಜೇನುಗೂಡು ಉಳಿತದೆ."

ಹಾಗೆ ಬದಿಗೆ ಹೋದದ್ದು 41. ಮುರಿದ 17 ಬೇರೆ. ಅಂದರೆ 250ರಲ್ಲಿ 192 ಮಾತ್ರ ಗೋಡೆಗೆ ಲಾಯಕ್ಕು, ಕಲ್ಲಿನ ನಿಜವಾದ ಬೆಲೆ 53 ರೂಪಾಯಿಯ ಮೇಲೆ ಹೋಯಿತು. ಕೊಳ್ಳುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಮೇಸ್ತ್ರಿಯವರ ಕಿವಿಯನ್ನು ನಾನು ನಂಬಲಿಲ್ಲ ಅಂತಲ್ಲ. ಆದರೆ ತಕ್ಕಡಿ ಮನೆಯಲ್ಲೇ ಇದ್ದ ಮೇಲೆ ಸುಮ್ಮನಿರುವುದು ಹೇಗೆ? ಠಣ್ ಅಂದದ್ದು ಒಂದು, ದಬ್ ಅಂದದ್ದು ಒಂದು, ಎರಡನ್ನೂ ಅಡಿಕೆಯ ಅಂಗಳದಲ್ಲಿ ಎಂಟು ದಿನ ಬಿಸಿಲಿಗೆ ಒಣಗಿಸಿ ತೂಗಿದೆ. 31.2 ಕಿಲೋ, 28.4 ಕಿಲೋ. ದನಕ್ಕೆ ನೀರಿಡುವ ಬಾನಿಯಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿದೆ. ಮೊದಲನೆಯದು 33.6. ಎರಡನೆಯದು 33! ನಾಲ್ಕೂವರೆ ಕಿಲೋಗಿಂತ ಹೆಚ್ಚು ನೀರು ಕುಡಿದಿತ್ತು. ಒಂದು ಶೇಕಡಾ 8ರ ಒಳಗೆ, ಇನ್ನೊಂದು 16 ದಾಟಿತು. ಕೆಂಪುಕಲ್ಲಿಗೆ ಭಾರತೀಯ ಮಾನಕ ಒಂದಿದೆ, ಐಎಸ್ 3620. ಅದು ಹೇಳುವುದು ನೀರು ಹೀರುವಿಕೆ ಶೇಕಡಾ 12 ಮೀರಬಾರದು, ಒತ್ತಡ ತಡೆಯುವ ಶಕ್ತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು ಅಂತ. ಶಕ್ತಿಯ ಪರೀಕ್ಷೆ ಮನೆಯಲ್ಲಿ ಆಗುವುದಲ್ಲ. ನೀರಿನದ್ದು ಆಗುತ್ತದೆ, ಬಾನಿ ಮತ್ತು ತಕ್ಕಡಿ ಇದ್ದರೆ ಸಾಕು. ನನ್ನದು ಲ್ಯಾಬಿನ ಪರೀಕ್ಷೆ ಅಲ್ಲ, ಬಿಸಿಲಿನಲ್ಲಿ ಒಣಗಿದ್ದು ಪೂರ್ತಿ ಒಣಗಿದ್ದಲ್ಲ. ಆದರೆ ಒಳ್ಳೆಯ ಕಲ್ಲನ್ನೂ ಕೆಟ್ಟ ಕಲ್ಲನ್ನೂ ಬೇರೆ ಮಾಡಲಿಕ್ಕೆ ಅಷ್ಟು ಸಾಕಾಯಿತು. ಮೇಸ್ತ್ರಿಯವರಿಗೆ ತೋರಿಸಿದರೆ, "ಅದನ್ನು ನಾನು ಕುಟ್ಟಿಯೇ ಹೇಳಿದ್ದೆನಲ್ಲ" ಅಂದರು.

ಒಳ್ಳೆಯದನ್ನೂ ಅವರು ಕೂಡಲೇ ಮುಟ್ಟಲಿಲ್ಲ. ಸಂದು ಬಿಟ್ಟು ಅಟ್ಟಿ ಇಟ್ಟು, ಎರಡು ತಿಂಗಳು ಗಾಳಿಗೆ ಬಿಟ್ಟರು. ಅವರ ಪ್ರಕಾರ ಅದೂ ಕಡಿಮೆಯೇ, ಒಂದು ಮಳೆ ಒಂದು ಬೇಸಿಗೆ ತೋರಿಸಿ ಕಟ್ಟಬೇಕು. ಈಗಿನ ಕಾಲದಲ್ಲಿ ಕೋರೆಯಿಂದ ಬೆಳಿಗ್ಗೆ ಬಂದ ಕಲ್ಲು ಸಂಜೆಗೆ ಗೋಡೆಯಲ್ಲಿ ಇರುತ್ತದೆ.

ಇನ್ನು ಹಳೆಯ ಕಲ್ಲಿನ ವಿಷಯ. ನನಗೆ ನಿಜವಾಗಿ ಬೆಲೆ ಬಾಳಿದ್ದು ಇದು. ಎರಡು ಮೈಲಿ ಆಚೆ ಒಂದು ನಾಲ್ಕಂಕಣದ ಮನೆ ಬೀಳಿಸುತ್ತಿದ್ದರು. ಮರ, ಹಂಚು ಹೋಗಿತ್ತು, ಕಲ್ಲನ್ನು ರಸ್ತೆಯ ಗುಂಡಿಗೆ ತುಂಬಲಿಕ್ಕೆ ಜೆಸಿಬಿ ಕಾದು ನಿಂತಿತ್ತು. ಮಾತಾಡಿ 120 ಕಲ್ಲು ಆರಿಸಿಕೊಂಡೆವು. ಬಾಚಿಯಲ್ಲಿ ಕೆತ್ತಿದ ಕಲ್ಲುಗಳು, ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಎತ್ತಲಿಕ್ಕೆ ಇಬ್ಬರು ಬೇಕು. ಮೈಮೇಲೆಲ್ಲ ಕೆತ್ತಿದವನ ಏಟುಗಳು ಓರೆಯಾಗಿ ಸಾಲು ಸಾಲು. ಒಂದು ಕಲ್ಲಿನಲ್ಲಿ ಸಾಲು ಬಲದಿಂದ ಎಡಕ್ಕೆ ವಾಲಿದ್ದನ್ನು ಕಂಡು ಮೇಸ್ತ್ರಿ, "ಇವ ಎಡಚ" ಅಂದರು. ಹೊರಮೈ ಕರಿ ಕೆಂಪು, ಕಬ್ಬಿಣದ ಬಾಣಲೆಯ ತಳದ ಬಣ್ಣ. ಕುಟ್ಟಿದರೆ ಎಲ್ಲವೂ ಠಣ್. ಅರ್ಧ ಶತಮಾನಕ್ಕಿಂತ ಹೆಚ್ಚು ಗಾಳಿ ಕುಡಿದ ಕಲ್ಲಿಗೂ ನಿನ್ನೆ ಕೊಯ್ದ ಕಲ್ಲಿಗೂ ಹೋಲಿಕೆಯೇ ಇಲ್ಲ.

ತೊಂದರೆ ಅಳತೆಯದ್ದು. ಹಳೆಯ ಗೋಡೆಯ ವರಸೆಗೆ ಹಳೆಯ ಕಲ್ಲು ಸರಿಯಾಗಿ ಕೂರುತ್ತದೆ, ಯಂತ್ರದ 7 ಇಂಚಿನ ಕಲ್ಲು ಕೂರುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಸಂದು ಏರುಪೇರು. ಕಡೆಗೆ ಹೊರ ಮುಖದ ಬುಡದ ಮೂರು ವರಸೆಗೆ ಹಳೆಯದು, ಒಳಗಿನ ಅಡ್ಡಗೋಡೆಗೂ ಬಚ್ಚಲಿನ ಮೂಲೆಗೂ ಹೊಸದು ಅಂತ ತೀರ್ಮಾನವಾಯಿತು. ಗೋಡೆಯನ್ನು ಒಮ್ಮೆಗೇ ಬಿಚ್ಚಲಿಲ್ಲ. ಮಾಡಿನ ಭಾರಕ್ಕೆ ಅಡಿಕೆ ಮರದ ಊರೆ ಕೊಟ್ಟು, ಮೂರಡಿ ಬಿಚ್ಚುವುದು, ಕಟ್ಟುವುದು, ಒಂದು ವಾರ ಬಿಟ್ಟು ನಡುವೆ ಜಾಗ ಬಿಟ್ಟು ಇನ್ನೊಂದು ಮೂರಡಿ. 22 ಅಡಿ ಗೋಡೆಗೆ ಒಂದೂವರೆ ತಿಂಗಳು ಹಿಡಿಯಿತು. ಆ ದಿನಗಳಲ್ಲಿ ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದು ನೆನಪಿಲ್ಲ, ಹಂಚಿನ ಮೇಲೆ ಬೆಕ್ಕು ನಡೆದರೂ ಎದ್ದು ಕೂರುತ್ತಿದ್ದೆ.

ಬಿಚ್ಚುವಾಗಲೇ ರೋಗ ಯಾವುದು ಅಂತ ಗೊತ್ತಾದದ್ದು. ಹದಿನೈದು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರು, "ಹಳೆ ಗಾರೆ ಎಲ್ಲ ತೆಗೆದು ಸಿಮೆಂಟು ಹಾಕಿದ್ರೆ ಮತ್ತೆ ನೋಡಬೇಕಂತಲೇ ಇಲ್ಲ" ಅಂತ ಅಮ್ಮನನ್ನು ಒಪ್ಪಿಸಿ ಸೊಂಟದ ಎತ್ತರಕ್ಕೆ ಸಿಮೆಂಟು ಬಳಿದಿದ್ದ. ಆ ಸಿಮೆಂಟಿಗೆ ಉಳಿ ಇಟ್ಟು ಹೊಡೆದಾಗ ತಟ್ಟೆಯಂತೆ ಬಿದ್ದಿತು. ಅದರ ಬೆನ್ನಿಗೆ ಅರ್ಧ ಇಂಚು ದಪ್ಪ ಕೆಂಪುಕಲ್ಲಿನ ಚರ್ಮವೇ ಅಂಟಿಕೊಂಡು ಬಂತು. ಮುಟ್ಟಿ ನೋಡಿದರೆ ಹಸಿ. ಮಾರ್ಚ್ ತಿಂಗಳಿನಲ್ಲಿ! ನೆಲದಿಂದ ಏರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲಿನಲ್ಲೇ ಕೂತಿತ್ತು, ಕೂತಲ್ಲಿ ಉಪ್ಪು ಕಟ್ಟಿ ಕಲ್ಲನ್ನು ಒಳಗಿಂದ ಒಡೆದಿತ್ತು. ಸಿಮೆಂಟು ಇಲ್ಲದ ಮೇಲಿನ ಭಾಗದಲ್ಲಿ, ಅಜ್ಜನ ಕಾಲದ ಸುಣ್ಣದ ಗಾರೆಯ ಅಡಿಯಲ್ಲಿ, ಅದೇ ಗೋಡೆಯ ಅದೇ ಕಲ್ಲು ಒಣಗಿ ಗಟ್ಟಿಯಾಗಿತ್ತು. ಕಲ್ಲಿಗಿಂತ ಗಟ್ಟಿಯಾದ ಗಾರೆ ಹಾಕಿದರೆ ಸವೆಯುವುದು ಕಲ್ಲು, ಕಲ್ಲಿಗಿಂತ ಮೆತ್ತಗಿನ ಗಾರೆ ಹಾಕಿದರೆ ಸವೆಯುವುದು ಗಾರೆ. ಗಾರೆಯನ್ನು ಮತ್ತೆ ಹಚ್ಚಬಹುದು.

ಹಾಗಾಗಿ ಸುಣ್ಣ. ಕಡಲ ಬದಿಯಿಂದ ಚಿಪ್ಪಿನ ಸುಣ್ಣ ತರಿಸಿ, ಹಳೆಯ ಸಿಂಟೆಕ್ಸ್ ಟ್ಯಾಂಕಿನಲ್ಲಿ ನೀರು ತುಂಬಿ ಒಂದು ತಿಂಗಳು ಅರಳಿಸಿದೆವು. ಬೆಣ್ಣೆಯ ಹದಕ್ಕೆ ಬಂದ ಸುಣ್ಣ ಒಂದು ಪಾಲು, ಹೊಯಿಗೆ, ಅಂದರೆ ಮರಳು, ಎರಡು ಪಾಲು, ಒಡೆದ ಮಂಗಳೂರು ಹಂಚನ್ನು ಕುಟ್ಟಿ ಜರಡಿ ಹಿಡಿದ ಪುಡಿ ಒಂದು ಪಾಲು. ನಮ್ಮ ಗಾಳಿಯ ತೇವಕ್ಕೆ ಬರೀ ಸುಣ್ಣ ಬೇಗ ಗಟ್ಟಿಯಾಗುವುದಿಲ್ಲ, ಸುಟ್ಟ ಹಂಚಿನ ಪುಡಿ ಅದಕ್ಕೆ ಹಿಡಿತ ಕೊಡುತ್ತದೆ. ಕೊನೆಯ ಕೈಗೆ ಬೆಲ್ಲದ ನೀರು. ಇರುವೆ ಬರುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ನಾಲ್ಕು ದಿನ ಬಂದವು, ಆಮೇಲೆ ಸುಣ್ಣದ ರುಚಿ ಗೊತ್ತಾಗಿ ಹೋದವು. ಗೋಣಿಚೀಲ ತೂಗಿಬಿಟ್ಟು ಮೂರು ವಾರ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ದು ನಾನೇ, ಆ ಕೆಲಸಕ್ಕೆ ಆಳು ಸಿಗುವುದಿಲ್ಲ.

ಈಗ ಕೆಂಪುಕಲ್ಲನ್ನು ಗಾರೆಯಿಲ್ಲದೆ ಹಾಗೇ ಕಾಣುವಂತೆ ಬಿಡುವ ಫ್ಯಾಷನ್ನಿನ ಬಗ್ಗೆ. ನನಗೂ ಆಸೆ ಇತ್ತು. ಎಡಚನ ಏಟುಗಳಿದ್ದ ಆ ಕಲ್ಲನ್ನು ಮುಚ್ಚಲಿಕ್ಕೆ ಮನಸ್ಸೇ ಬರಲಿಲ್ಲ. "ಮಿರ್ಜಾನ್ ಕೋಟೆ, ಬೇಕಲ ಕೋಟೆ ಎಲ್ಲ ಹಾಗೇ ನಿಂತಿಲ್ವಾ?" ಅಂತ ವಾದ ಮಾಡಿದೆ. ಮೇಸ್ತ್ರಿ ಹೇಳಿದ್ದು ಇಷ್ಟೇ: "ಕೋಟೆಯ ಗೋಡೆಯ ಹಿಂದೆ ನೀವು ಹಾಸಿಗೆ ಹಾಕಿ ಮಲಗುದಿಲ್ಲ ಅಲ್ವಾ ಅಕ್ಕ." ಹೌದು. ಕೋಟೆಯದ್ದು ಆಳೆತ್ತರ ದಪ್ಪದ ಗೋಡೆ, ಒಂದಿಂಚು ಸವೆದರೆ ಯಾರಿಗೂ ತಿಳಿಯುವುದಿಲ್ಲ. ಮನೆಯದ್ದು ಹಾಗಲ್ಲ. ಹಳೇ ಗೋವೆಯ ಬೋಮ್ ಜೀಸಸ್ ಬಸಿಲಿಕಾ ಈ ಮಾತಿಗೆ ದೊಡ್ಡ ಸಾಕ್ಷಿ. 1605ರಲ್ಲಿ ಪ್ರತಿಷ್ಠೆಯಾದ ಕೆಂಪುಕಲ್ಲಿನ ಚರ್ಚು ಅದು. ಹೊರಗೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಗಾರೆಯನ್ನು ಕಿತ್ತು ಕಲ್ಲು ಕಾಣುವಂತೆ ಮಾಡಿದರು. ಈಗ ಫೋಟೋಗಳಲ್ಲಿ ಕಾಣುವ ಆ ಕೆಂಪು ಚೆಲುವು ಹಳೆಯದಲ್ಲ, ಚರ್ಮ ಸುಲಿದದ್ದು. ಅಂದಿನಿಂದ ಮಳೆ ಆ ಕಲ್ಲನ್ನು ತಿನ್ನುತ್ತಿದೆ, ಮತ್ತೆ ಗಾರೆ ಹಾಕಬೇಕೇ ಬೇಡವೇ ಅಂತ ಚರ್ಚೆ ನಡೆಯುತ್ತಿದೆ. ನಾನು ಅಲ್ಲಿಗೆ ಹೋಗಿದ್ದಾಗ ಗೋಡೆಯ ಬುಡವನ್ನು ಮುಟ್ಟಿ ನೋಡಿದೆ. ನಮ್ಮ ಪಡುವಣ ಗೋಡೆಯದ್ದೇ ಕುಂಕುಮ.

ಎಡಚನ ಕಲ್ಲನ್ನು ಕೊನೆಗೆ ಜಗಲಿಯ ಒಳಬದಿಗೆ, ಮಳೆ ಇರಚಲು ಮುಟ್ಟದ ಕಡೆ ಇಟ್ಟೆವು. ಅದಕ್ಕೆ ಗಾರೆ ಇಲ್ಲ, ವಾರ್ನಿಷೂ ಇಲ್ಲ.

ವಾರ್ನಿಷ್ ಅಂದದ್ದಕ್ಕೆ ಇನ್ನೊಂದು ಮಾತು. ಕೆಂಪುಕಲ್ಲಿನ ಟೈಲ್ಸ್ ಅಂತ ಸಿಗುತ್ತದೆ, ಹೆಬ್ಬೆರಳಿನಷ್ಟು ದಪ್ಪಕ್ಕೆ ಸೀಳಿದ್ದು, ಕಾಂಕ್ರೀಟಿನ ಮೇಲೆ ಅಂಟಿಸಲಿಕ್ಕೆ. ನನ್ನ ಭಾವನವರು ಗೇಟಿನ ಕಂಬಕ್ಕೆ ಹಾಕಿಸಿ ಮೇಲೆ ಮಿರಮಿರ ಮಿಂಚುವ ಲೇಪ ಹೊಡೆಸಿದ್ದರು. ಮೊದಲ ಆಷಾಢಕ್ಕೆ ಲೇಪದ ಅಡಿಯಲ್ಲಿ ಗುಳ್ಳೆ, ಎರಡನೆಯದಕ್ಕೆ ಬಿಳಿ ಉಪ್ಪು. ರಿಪೇರಿ ಕೆಲಸಕ್ಕೆ ಅದು ಕಲ್ಲೇ ಅಲ್ಲ, ಕಲ್ಲಿನ ವೇಷ. ಅದರ ಬಗ್ಗೆ ಇಷ್ಟು ಸಾಕು.

ಎರಡು ಮಳೆಗಾಲದ ವರದಿ. ನಮ್ಮಲ್ಲಿ ವರ್ಷಕ್ಕೆ ಬೀಳುವುದು 4,000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಮುಕ್ಕಾಲುವಾಸಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಪಡುಗಾಳಿಯ ಜೊತೆ ಅಡ್ಡಡ್ಡ. 2024ರಲ್ಲಿ ಗೋಡೆಯ ಹೊರಮೈ ಜುಲೈ ಹೊತ್ತಿಗೆ ಕಪ್ಪಾಯಿತು, ಒಳಗೆ ಒಣಗಿಯೇ ಇತ್ತು. ದೀಪಾವಳಿಗೆ ಮತ್ತೆ ಬೆಳ್ಳಗಾಯಿತು. 2025ರಲ್ಲೂ ಹಾಗೇ. ಕಪಾಟಿನ ಹಿಂದೆ ಇಟ್ಟಿದ್ದ ಹಳೆ ಪುಸ್ತಕಗಳಿಗೆ ಬೂಸ್ಟು ಬರಲಿಲ್ಲ, ನನಗೆ ಗೊತ್ತಿರುವ ಹಾಗೆ ಇದೇ ಮೊದಲು. ಮಾಡಿನ ಇಳಿಜಾರನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿಸಿದ್ದೂ ಇದಕ್ಕೆ ಕಾರಣ ಇರಬೇಕು. ಬೇಸಿಗೆಯಲ್ಲಿ ಒಳಗಿನ ತಂಪು ಮಾತ್ರ ಕಲ್ಲಿನದ್ದೇ.

ದೂರುಗಳೂ ಇವೆ. ಬಚ್ಚಲಿನ ಮೂಲೆಯಲ್ಲಿ ಹೊಸ ಕಲ್ಲು ಇಟ್ಟ ಕಡೆ ಒಂದು ಗೇಣಿನಷ್ಟು ತೇವ ಇನ್ನೂ ಏರುತ್ತದೆ. ಅಲ್ಲಿ ಅವಸರ ಮಾಡಿದ್ದು ನಾನು, ಮೇಸ್ತ್ರಿ ಊರ ಜಾತ್ರೆಗೆ ಹೋದಾಗ ಅವರ ಹುಡುಗರಿಂದ ಕಟ್ಟಿಸಿದ್ದೆ. ಕಲ್ಲಿನ ರಂಧ್ರಗಳಲ್ಲಿ ಇರುವೆ ಮನೆ ಮಾಡುತ್ತದೆ. ಗೋಡೆಗೆ ಒಂದು ಮೊಳೆ ಹೊಡೆಯಲಿಕ್ಕೆ ಆಗುವುದಿಲ್ಲ, ಡ್ರಿಲ್ ಮಾಡಿ ಹಾಕಿದ ಪ್ಲಗ್ಗು ಕ್ಯಾಲೆಂಡರಿನ ಭಾರಕ್ಕೇ ಹೊರಬರುತ್ತದೆ. ಎಲೆಕ್ಟ್ರಿಷಿಯನ್ ಪೈಪಿಗೆ ಗೋಡೆ ಕೊರೆದ ದಿನ ಮನೆಯಿಡೀ ಕೆಂಪು ಧೂಳು, ನಾಲ್ಕು ದಿನ ಅನ್ನದಲ್ಲೂ ಕರಕರ. ಮತ್ತು ಸುಣ್ಣ ಗೊತ್ತಿರುವ ಕೈ ಸಿಗುವುದು ಕಲ್ಲು ಸಿಗುವುದಕ್ಕಿಂತ ಕಷ್ಟ.

ಕಲ್ಲು ಸಿಗುವುದೂ ಸುಲಭ ಇಲ್ಲ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಕೋರೆಗಳು ನಿಂತು, ಕಟ್ಟುವ ಕೆಲಸಗಳು ಅರ್ಧಕ್ಕೆ ಬಿದ್ದದ್ದು ಇಲ್ಲಿನವರಿಗೆಲ್ಲ ಗೊತ್ತು. ಪರವಾನಗಿ ಇಲ್ಲದ ಕೋರೆ ನಿಲ್ಲಬೇಕಾದದ್ದೇ. ಪದವು ಪದವನ್ನೇ, ಅಂದರೆ ಗುಡ್ಡದ ಮೇಲಿನ ಬಯಲನ್ನೇ, ಕೊಯ್ದು, ತಡೆಬೇಲಿ ಇಲ್ಲದ ಗುಂಡಿಗಳನ್ನು ಬಿಟ್ಟು ಹೋಗಿದ್ದಾರೆ. ಅಜ್ಜ ಈ ಮನೆಯ ಕಲ್ಲನ್ನು ಹಿತ್ತಲ ಗುಡ್ಡೆಯಿಂದಲೇ ಕಡಿಸಿದ್ದು, ಆ ಗುಂಡಿಯಲ್ಲಿ ಈಗಲೂ ಜನವರಿ ತನಕ ನೀರು ನಿಲ್ಲುತ್ತದೆ, ತೋಟಕ್ಕೆ ಆಗುತ್ತದೆ. ಒಂದು ಮನೆಗೆ ಒಂದು ಗುಂಡಿ. ಅದು ಅಂದಿನ ಲೆಕ್ಕ.

ಹಾಗಾಗಿ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಬೀಳಿಸುವ ಮನೆ ಹುಡುಕಿ ಅಂತ. ಸಿಗದಿದ್ದರೆ ಕೋರೆಗೆ ನೀವೇ ಹೋಗಿ, ಸುತ್ತಿಗೆ ತೆಗೆದುಕೊಂಡು ಹೋಗಿ, ಸುರಿಯುವ ಲೋಡು ಬೇಡ, ಕೈಯಲ್ಲಿ ಇಳಿಸಿಕೊಡಿ ಅಂತ ಮೊದಲೇ ಬರೆಸಿಕೊಳ್ಳಿ. ಹಳೆಯ ಕಲ್ಲಿಗೆ ಐದರಲ್ಲಿ ಐದು ಕೊಡುತ್ತೇನೆ. ಆರಿಸಿದ ಹೊಸ ಕಲ್ಲಿಗೆ ಮೂರೂವರೆ. ಆರಿಸದೆ ಬಂದ ಲೋಡಿಗೆ ಎರಡು, ಅದೂ ಪರಿಮಳಕ್ಕೆ.

ಬದಿಗಿಟ್ಟ ಆ 41 ಕಲ್ಲನ್ನು ತೆಂಗಿನ ಕಟ್ಟೆಗೆ ಜೋಡಿಸಿದ್ದೇವೆ. ಬಾನಿಯಲ್ಲಿ ನಾಲ್ಕೂವರೆ ಕಿಲೋ ನೀರು ಕುಡಿದದ್ದೂ ಅಲ್ಲೇ ಉಂಟು. ಶೇಡಿಯೆಲ್ಲ ಹೋಗಿ ತೂತು ತೂತಾಗಿ, ಈ ಸಲ ಅದರೊಳಗೆ ಜರಿಗಿಡ ಹುಟ್ಟಿದೆ. ಮೊನ್ನೆ ಕಿತ್ತು ತಂದು ಮತ್ತೆ ತೂಗಿದೆ, 26 ಕಿಲೋ.